ಎಡ ಅಂಚು

ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ವಿಚಾರಣಾ ಆಯೋಗಕ್ಕೆ ಕೊಟ್ಟ ಹೇಳಿಕೆಗಳನ್ನು ದಾಖಲೆ ಕಚೇರಿಯವರು ಹೊರಗಿನ ಮುದ್ರಣಾಲಯಕ್ಕೆ ಕಳಿಸಿ ಅಂಟು ಬೈಂಡಿಂಗ್ ಮಾಡಿಸಿದರು. ಟ್ಯಾಗು ಪೋಣಿಸಿದ್ದ ತೂತುಗಳು ಹರಿದಿವೆಯೆಂದು ಅಲ್ಲಿಯವರು ಎಡ ಅಂಚನ್ನು ಒಂದು ಬೆರಳಗಲ ಕತ್ತರಿಸಿದರು. ಅಂಟು ಕಚ್ಚಲೆಂದು ಯಂತ್ರ ಇನ್ನಷ್ಟು ಉಜ್ಜಿ ತೆಗೆಯಿತು. ಹೆಂಗಸರ ಹೆಬ್ಬೆಟ್ಟುಗಳಿದ್ದದ್ದು ಎಡ ಅಂಚಿನಲ್ಲಿ.

ಆ ಪುಸ್ತಕ ಈಗ ತಿರುಗಿ ಬಂದು ದಾಖಲೆ ಕಚೇರಿಯ ಬೈಂಡಿಂಗ್ ಕೋಣೆಯಲ್ಲಿ ಅವಳ ಮೇಜಿನ ಮೇಲೆ ಕೂತಿತ್ತು. ನೋಡಲು ಬಲು ಚಂದ. ಹೊಳೆಯುವ ನೀಲಿ ಹೊದಿಕೆ, ಬೆನ್ನಿನ ಮೇಲೆ ಬಿಳಿ ಅಕ್ಷರ, ಮೂಲೆಗಳು ಕೈಗೆ ಚುಚ್ಚುವಷ್ಟು ಚೂಪು. ತೆರೆದರೆ ಮಾತ್ರ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಎರಡೂ ಕೈಯಲ್ಲಿ ಅದುಮಿ ಹಿಡಿದು ಒಳಕ್ಕೆ ಇಣುಕಬೇಕು, ಬಾಗಿಲ ಸಂದಿಯಿಂದ ಪಕ್ಕದ ಮನೆಯ ಜಗಳ ನೋಡುವವರಂತೆ. ಹಾಗೆ ಇಣುಕಿದಾಗ ಸಾಲುಗಳ ಮೊದಲ ಅಕ್ಷರಗಳು ಕತ್ತಲೆಯಲ್ಲಿ ಕುತ್ತಿಗೆಯವರೆಗೆ ಮುಳುಗಿದ್ದವು, ಅವುಗಳ ಆಚೆ, ಅಂಟಿನ ಬುಡದಲ್ಲಿ, ಕಪ್ಪು ಉಗುರಿನಂಥ ಏನೋ ಒಂದು. ಹೊದಿಕೆಯ ಮೇಲೆ ಆಯೋಗದ ಕಾರ್ಯದರ್ಶಿಯ ಚೀಟಿ: ಒಳ ಅಂಚು ಓದಲು ಬರುತ್ತಿಲ್ಲ, ಹೆಬ್ಬೆಟ್ಟಿನ ಗುರುತುಗಳು ಕಂಡುಬಂದಿಲ್ಲ, ಸೂಕ್ತ ರೀತಿಯಲ್ಲಿ ಮರು ಬೈಂಡ್ ಮಾಡಿ ಕಳಿಸುವುದು. ಕಂಡುಬಂದಿಲ್ಲ! ಎಲ್ಲೋ ಮೇಜಿನ ಕೆಳಗೆ ಬಿದ್ದಿರಬೇಕು, ಗುಡಿಸಿದರೆ ಸಿಗುತ್ತದೆ ಎನ್ನುವಂಥ ಮಾತು. ಅವಳಿಗೆ ಆ ಚೀಟಿಯನ್ನು ಹರಿದು ಬಿಸಾಡಬೇಕೆನ್ನಿಸಿತು. ಹರಿಯಲಿಲ್ಲ, ಅದರ ಮೇಲೆ ರಟ್ಟಿನ ತುಂಡೊಂದನ್ನು ಇಟ್ಟಳು.

ಬೈಂಡಿಂಗ್ ವಿಭಾಗದ ಮೇಲ್ವಿಚಾರಕಿ ಅವಳು. ವಿಭಾಗವೆಂದರೆ ದೊಡ್ಡ ಮಾತು: ಒಂದು ಉದ್ದ ಕೋಣೆ, ಹಳೆಯ ಕಟಿಂಗ್ ಮಷೀನು, ಪುಸ್ತಕ ಬಿಗಿಯುವ ಕಬ್ಬಿಣದ ಪ್ರೆಸ್ಸು, ಅವಳು, ಮತ್ತು ಅಂಟು ಕಾಸುವ ಮುದುಕಿ ಗೋಂದಮ್ಮ. ಯಾವ ಕಾಗದಕ್ಕೆ ಯಾವ ಬೈಂಡಿಂಗ್ ಎಂದು ಹೇಳಬೇಕಾದವಳು ಅವಳೇ. ಅದಕ್ಕೆಂದೇ ಪರೀಕ್ಷೆ ಬರೆದು ಪಾಸಾಗಿ ಬಂದವಳು. ದಿನವೂ ತೆರೆಯುವ ಪುಸ್ತಕಕ್ಕೆ ಹೊಲಿಗೆ. ಆಗಾಗ ಹಾಳೆ ಸೇರಿಸುವ ಕಡತಕ್ಕೆ ಸ್ಕ್ರೂ. ಯಾರೂ ಮತ್ತೆ ಮುಟ್ಟದ ತೆಳ್ಳನೆಯ ವರದಿಗೆ ಅಂಟು. ಅಗಲ ಅಂಚಿದ್ದು ಬಿಡಿ ಹಾಳೆಗಳಿದ್ದರೆ ಪಕ್ಕ ಹೊಲಿಗೆ. ಇವನ್ನು ಅವಳು ನಿದ್ದೆಗಣ್ಣಲ್ಲೂ ಒದರಬಲ್ಲಳು. ಆದರೆ ಆವತ್ತು, ಊಟದ ಡಬ್ಬಿಯ ಮುಚ್ಚಳ ಆಗಷ್ಟೇ ತೆಗೆದಿದ್ದಾಗ, ದಾಖಲೆ ಅಧಿಕಾರಿ ಅರ್ಧ ಬಾಗಿಲ ಮೇಲಿನಿಂದ ಈ ಹೇಳಿಕೆಗಳ ಕಟ್ಟನ್ನು ಒಳಗೆ ಚಾಚಿ, "ಮೇಡಂ, ಇದಕ್ಕೆ ಯಾವುದು ಬೇಗ ಆಗುತ್ತೆ?" ಎಂದು ಕೇಳಿದ್ದರು. ಯಾವುದು ಸರಿ ಎಂದು ಕೇಳಲಿಲ್ಲ, ಯಾವುದು ಬೇಗ ಎಂದರು. ಅವಳೂ ಕಟ್ಟು ಬಿಚ್ಚಲಿಲ್ಲ. ಎಡಗೈಯಿಂದ ದಪ್ಪ ಅದುಮಿ ನೋಡಿ, ಬಲಗೈಯಲ್ಲಿದ್ದ ತುತ್ತು ಬಾಯಿಗಿಡುವ ಮೊದಲು, "ಅಂಟು" ಎಂದಳು. ಒಂದೇ ಮಾತು. ಅಂಟಿನ ಯಂತ್ರ ಇದ್ದದ್ದು ಹೊರಗಿನ ಮುದ್ರಣಾಲಯದಲ್ಲಿ, ಕಟ್ಟು ಅಲ್ಲಿಗೆ ಹೋಯಿತು. ಹಿಂದಿನ ತಿಂಗಳಷ್ಟೇ ಅದೇ ಅಧಿಕಾರಿ, ಹೊಲಿಗೆಯ ಸಂಪುಟವೊಂದು ತಡವಾಯಿತೆಂದು ಎಲ್ಲರೆದುರು ಅವಳನ್ನು ನಿಲ್ಲಿಸಿ, "ನೀವೇನು ಪುಸ್ತಕ ಹೊಲೀತೀರೋ, ಮದುವೆ ಬಟ್ಟೆ ಹೊಲೀತೀರೋ?" ಎಂದು ಕೇಳಿ ನಗಿಸಿದ್ದರು. ಆ ನಗು ಅವಳ ಬೆನ್ನಿಗೆ ಅಂಟಿಕೊಂಡಿತ್ತು. ಅಂಟು ಎಂದು ಅವಳ ಬಾಯಲ್ಲಿ ಬಂದದ್ದು ಅದರಿಂದಲೇ ಇರಬೇಕು.

"ಗುರಾಯಿಸಿದ್ರೆ ಅದು ತಾನಾಗೇ ಬಿಚ್ಕೊಳ್ಳಲ್ಲ ಕಣಮ್ಮ," ಎಂದಳು ಗೋಂದಮ್ಮ, ಒಲೆಯ ಮೇಲಿನ ಪಾತ್ರೆಯಲ್ಲಿ ಮೈದಾ ಅಂಟನ್ನು ತಿರುವುತ್ತ. "ಹೊತ್ತಿಂದ ನೋಡ್ತಿದೀನಿ. ನೀನು ಅದನ್ನ ನೋಡೋದು, ಅದು ನಿನ್ನ ನೋಡೋದು. ಮದುವೆ ಮಾತುಕತೆ ಏನು?"

"ಸುಮ್ನಿರು ಗೋಂದಮ್ಮ. ತಲೆ ಕೆಟ್ಟಿದೆ."

"ನಿನ್ನ ತಲೆ ಕೆಟ್ರೆ ಸರಿಯಾಗುತ್ತೆ. ಅಂಟು ಕೆಟ್ರೆ ನಾನು ಮತ್ತೆ ಕಾಸ್ಬೇಕು. ಹೇಳು, ಇವತ್ತು ಅಂಟು ಬೇಕೋ ಬೇಡ್ವೋ?"

ಬೇಕು ಎಂದು ಹೇಳಲೂ ಅವಳಿಗೆ ಧೈರ್ಯವಿರಲಿಲ್ಲ. ಆ ನೀಲಿ ಪುಸ್ತಕದೊಳಗೆ, ಹಸಿರು ಚೀಟಿ ಅಂಟಿಸಿದ ಕಡೆ, ಅವಳ ಓರಗಿತ್ತಿಯ ಹೇಳಿಕೆಯಿತ್ತು. ಒಂದೇ ಮನೆಯ ಹಿರಿಸೊಸೆ ಅವಳು, ಕಿರಿಸೊಸೆ ಇವಳು. ಗಂಡಂದಿರಿಬ್ಬರೂ ದೂರದಲ್ಲಿ ರಸ್ತೆ ಹಾಕುವ ಕೆಲಸಕ್ಕೆ ಹೋದವರು, ಬಂದಾಗ ನಂಟರ ಹಾಗೆ ಬರುತ್ತಾರೆ. ಮನೆ ನಡೆಯುವುದು ಈ ಇಬ್ಬರಿಂದ. ಹಿರಿಯವಳು ಮದುವೆಗೆ ಮೊದಲಿನಿಂದಲೂ ಆಸ್ಪತ್ರೆಯ ಒಗೆಯುವ ಕೋಣೆಯಲ್ಲಿದ್ದವಳು. ರಕ್ತ, ಕೀವು, ಹೆರಿಗೆಯ ಬಟ್ಟೆ, ಸತ್ತವರ ಹಾಸಿಗೆ, ಎಲ್ಲವನ್ನೂ ಬಿಳಿ ಮಾಡಿ ಮಡಚಿ ಕೊಟ್ಟವಳು. ಒಂದು ದಿನ ಹಳದಿ ಪೀಪಾಯಿಗಳಲ್ಲಿ ಹೊಸ ಪುಡಿ ಬಂತು. ಇದು ಕಲೆ ತಿನ್ನುತ್ತದೆ ಎಂದರು. ಕೈಗವಸು ಕೇಳಿದರೆ, ಬರುತ್ತೆ ಬರುತ್ತೆ ಎಂದರು. ಪುಡಿ ಮೊದಲು ಕಲೆ ತಿಂದಿತು, ಆಮೇಲೆ ಉಗುರು, ಆಮೇಲೆ ಬೆರಳ ತುದಿಯ ತೊಗಲು. ಬೇಯಿಸಿ ಸುಲಿದ ಆಲೂಗೆಡ್ಡೆಯಂತೆ ನುಣ್ಣಗೆ, ಕೆಂಪಗೆ ಆಗಿಹೋದ ಬೆರಳುಗಳನ್ನು ಹಿರಿಯವಳು ಸಂಜೆ ದೀಪದ ಕೆಳಗೆ ಚಾಚಿ, "ನೋಡೇ, ಶ್ರೀಮಂತರ ಮನೆ ಮಗೂ ಕೈ ಇದ್ದಂಗಿದೆ," ಎಂದು ನಕ್ಕಿದ್ದಳು. ಆಸ್ಪತ್ರೆಯ ಗೇಟಿನಲ್ಲಿ ಹೆಬ್ಬೆಟ್ಟು ಒತ್ತಿ ಹಾಜರಿ ಹಾಕುವ ಪೆಟ್ಟಿಗೆಯಿತ್ತು. ಅದು ಹೆಂಗಸರನ್ನು ಗುರುತಿಸಲಿಲ್ಲ. ಒತ್ತಿದರೆ ಕೆಂಪು ದೀಪ, ಮತ್ತೆ ಒತ್ತಿದರೆ ಮತ್ತೆ ಕೆಂಪು ದೀಪ. ಒಳಗೆ ಹೋಗಿ ದಿನವಿಡೀ ಒಗೆದರು. ಲೆಕ್ಕದಲ್ಲಿ ಮಾತ್ರ ಬಂದೇ ಇರಲಿಲ್ಲ. ಪುಡಿ ಕೊಟ್ಟವರೂ ಆಸ್ಪತ್ರೆಯವರೇ, ಪೆಟ್ಟಿಗೆ ಇಟ್ಟವರೂ ಅವರೇ, ಎಲ್ಲಿ ನಿಮ್ಮ ಹೆಬ್ಬೆಟ್ಟು ಎಂದು ಕೇಳಿದವರೂ ಅವರೇ. ಹೆಂಗಸರು ಗೇಟಿನೆದುರು ಕೂತರು. ಅವರನ್ನು ಕೆಲಸದಿಂದ ನಿಲ್ಲಿಸಿ, ಗುತ್ತಿಗೆಯ ಮೇಲೆ ಬೇರೆ ಹೆಂಗಸರನ್ನು ತಂದರು. ಹಳದಿ ಪೀಪಾಯಿ ಅಲ್ಲೇ ಇತ್ತು, ಈಗಲೂ ಇದೆ. ಕೈಗಳಷ್ಟೇ ಬದಲಾಗಿವೆ.

ಆಯೋಗದ ಮುಂದೆ ಹೇಳಿಕೆ ಬರೆದುಕೊಂಡ ಗುಮಾಸ್ತ, ಕಚೇರಿಯ ಪದ್ಧತಿಯಂತೆ ಎಡಗಡೆ ಬೈಂಡಿಂಗಿಗೆಂದು ಅಗಲವಾಗಿ ಜಾಗ ಬಿಟ್ಟಿದ್ದ. ಪ್ರತಿ ಹಾಳೆಗೂ ಗುರುತು ಬೇಕೆಂದಾಗ ಖಾಲಿ ಇದ್ದದ್ದು ಅದೊಂದೇ ಜಾಗ. ಹೆಂಗಸರು ಅಲ್ಲಿ ಒತ್ತಿದರು. ಗೆರೆಯೇ ಇಲ್ಲದ ಕಪ್ಪು ಬೊಟ್ಟುಗಳು ಮೂಡಿದವಂತೆ. ಆಯೋಗದ ಅಧ್ಯಕ್ಷರು ಅವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇವರ ಸಾಕ್ಷಿ ಬರೀ ಮಾತಿನಲ್ಲಿಲ್ಲ, ಬೆರಳಿನಲ್ಲೂ ಇದೆ," ಎಂದರಂತೆ. ಹಿರಿಯವಳು ಮನೆಗೆ ಬಂದು ಆ ಮಾತನ್ನು ಅಧ್ಯಕ್ಷರ ಗತ್ತಿನಲ್ಲೇ ಹೇಳಿ ತೋರಿಸಿದ್ದಳು, ಗಂಟಲು ಸರಿಮಾಡಿಕೊಳ್ಳುವುದನ್ನೂ ಸೇರಿಸಿ. ಈಗ ಆ ಬೆರಳಿನ ಸಾಕ್ಷಿ ಯಾವುದೋ ಮುದ್ರಣಾಲಯದ ಕಸದಲ್ಲಿ, ಹೊಟ್ಟಿನ ಜೊತೆ ಹೊಟ್ಟಾಗಿ ಹೋಗಿದೆ. ತಾನು ತುತ್ತು ನುಂಗುವ ಮೊದಲು ಹೇಳಿದ ಮಾತಿಗೆ.

ಮಧ್ಯಾಹ್ನ ದಾಖಲೆ ಅಧಿಕಾರಿ ಅವಳನ್ನು ಕರೆಸಿದರು. ಕಚೇರಿಯಲ್ಲಿ ಅವರಿಗೆ 'ಇವತ್ತೇ ಸಾಹೇಬರು' ಎಂದು ಹೆಸರು. ಅವರ ಬಾಯಲ್ಲಿ ನಾಳೆ ಎನ್ನುವ ದಿನವೇ ಇರಲಿಲ್ಲ. ಯಾವತ್ತೂ ನಿಲ್ಲಿಸಿಯೇ ಮಾತಾಡುವವರು ಅಂದು ಕುರ್ಚಿ ತೋರಿಸಿದರು. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಕೂತ್ಕೊಳ್ಳಿ ಮೇಡಂ. ಇದನ್ನ ಇವತ್ತೇ ಮುಗಿಸ್ಬೇಕು."

"ಇವತ್ತು ಆಗಲ್ಲ ಸರ್. ಅಂಟು ಕಾಯಿಸಿ ಒಂದೊಂದೇ ಹಾಳೆ ಬಿಡಿಸ್ಬೇಕು. ಹಾಳೆ ಹಿಂದೆ ತೆಳ್ಳನೆ ಕಾಗದದ ಪಟ್ಟಿ ಅಂಟಿಸ್ಬೇಕು, ಅದು ಒಣಗ್ಬೇಕು, ಆಮೇಲೆ ಪಟ್ಟಿ ಹಿಡಿದು ಹೊಲೀಬೇಕು. ಹಾಗೆ ಮಾಡಿದ್ರೆ ಪುಸ್ತಕ ಪೂರ್ತಿ ಅಗಲ ತೆರೆಯುತ್ತೆ. ಉಳಿದಿರೋ ಗುರುತಾದ್ರೂ ಕಾಣುತ್ತೆ."

"ಎಷ್ಟೊಂದು ಬೇಕು ಬೇಕು ಬೇಕು!" ಅವರು ನಕ್ಕರು. "ಸ್ಕ್ರೂ ಹಾಕಿ ಸಾಕು. ಎರಡು ತೂತು, ಎರಡು ಸ್ಕ್ರೂ, ಮುಗೀತು."

"ತೂತು ಸರಿಯಾಗಿ ಆ ಗುರುತಿನ ಮೇಲೇ ಬರುತ್ತೆ ಸರ್. ಉಳಿದಿರೋದೇ ಚೂರು."

"ಆ ಹಾಳೆಗಳಿಗೆ ಅಲ್ಲಮ್ಮ." ಮೇಡಂ ಹೋಗಿ ಅಮ್ಮ ಬಂದಿತ್ತು. ಅವರು ಬಾಗಿಲತ್ತ ನೋಡಿ ದನಿ ತಗ್ಗಿಸಿದರು. "ಹೇಳಿಕೆಗಳನ್ನ ಅದೇ ಥರ ಹೊಸದಾಗಿ ಟೈಪ್ ಮಾಡಿಸಿದೀನಿ. ಅಕ್ಷರ ಒಂದೂ ಬದಲಾಗಿಲ್ಲ. ತಾರೀಖೂ ಹಳೇದೇ. ನಿಮ್ಮ ಮನೇಲೇ ಒಬ್ರಿದ್ದಾರಂತಲ್ಲ, ನಿಮ್ಮ ಮಾತಾದ್ರೆ ಉಳಿದ ಹೆಂಗಸರೂ ಕೇಳ್ತಾರೆ. ಎಡಗಡೆ ಮತ್ತೊಂದ್ಸಲ ಹೆಬ್ಬೆಟ್ಟು ಒತ್ತಿಸ್ಕೊಂಡು ಬನ್ನಿ. ಸ್ಕ್ರೂ ಹಾಕಿದ್ರೆ ಯಾರು ಯಾವಾಗ ಹಾಳೆ ಹಾಕಿದ್ರು ಅಂತ ಪುಸ್ತಕ ಹೇಳಲ್ಲ. ಹೆಂಗಸರಿಗೂ ಒಳ್ಳೇದು, ನಮಗೂ ಒಳ್ಳೇದು." ಸ್ವಲ್ಪ ತಡೆದು, ಮೇಜಿನ ಮೇಲಿನ ಪಿನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ, "ಅಂಟು ಅಂತ ಹೇಳಿದ್ದು ನೀವೇ ಅಲ್ವಾ? ನಾನು ಅದನ್ನ ಎಲ್ಲೂ ಹೇಳಿಲ್ಲ, ನೋಡಿ," ಎಂದರು.

ಹೊಸ ಹಾಳೆಗಳ ಕಟ್ಟು, ಅದರ ಮೇಲೆ ತಗಡಿನ ಮುಚ್ಚಳದ ಇಂಕ್ ಪ್ಯಾಡು. ಅವಳು ತೆಗೆದುಕೊಂಡಳು. ಬೇಡವೆನ್ನಬಹುದಿತ್ತು. ಕುರ್ಚಿಯಿಂದ ಏಳುವಾಗ ಥ್ಯಾಂಕ್ಸ್ ಸರ್ ಎಂದೂ ಹೇಳಿದಳು. ಯಾಕೆ ಹೇಳಿದೆ ಎಂದು ಮೆಟ್ಟಿಲಿಳಿಯುತ್ತ ತನ್ನ ಮೇಲೇ ಉರಿದುಬಿದ್ದಳು. ಬೀದಿಗೆ ಬಂದ ಮೇಲೆ ಮಾತ್ರ, ನಾಚಿಕೆಗೇಡೇ ಸರಿ, ಮೈ ಹಗುರವಾಯಿತು. ಚೀಲದಲ್ಲಿದ್ದ ಆ ಹಾಳೆಗಳು ಅವಳ ಒಂದು ಮಾತನ್ನೂ ಅಳಿಸಿಹಾಕುವಂತಿದ್ದವು. ಹೆಬ್ಬೆಟ್ಟು ಮತ್ತೆ ಬರುತ್ತದೆ. ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಮೋಸವೇನು ಬಂತು? ಅದೇ ಹೆಂಗಸರು, ಅದೇ ಮಾತು, ಅದೇ ಬೆರಳು. ಸೈಕಲ್ ರಿಪೇರಿಯವನ ಅಂಗಡಿ, ಕನ್ನಡಕದ ಅಂಗಡಿ, ಬೀಗ ಹಾಕಿದ ಚಿತ್ರಮಂದಿರ, ಒಂದೊಂದನ್ನೂ ದಾಟುತ್ತ ಅವಳು ತನ್ನ ಪರವಾಗಿ ತಾನೇ ವಾದ ಮಾಡಿಕೊಂಡಳು, ಎದುರು ವಕೀಲರಿಲ್ಲದ ಕೋರ್ಟಿನಲ್ಲಿ ಗೆದ್ದಳು. ಕನ್ನಡಕದ ಅಂಗಡಿಯ ಕನ್ನಡಿಯಲ್ಲಿ ಒಂದು ಮುಖ ನಗುತ್ತಿತ್ತು. ಯಾರದೋ ಎಂದುಕೊಂಡಳು.

ಕಾಲೇಜಿನ ದಿನಗಳಲ್ಲಿ, ಒಂದು ಬೇಕರಿಯ ಮಹಡಿಯ ಮೇಲೆ ಪುಸ್ತಕ ಓದುವವರ ಗುಂಪೊಂದು ಸೇರುತ್ತಿತ್ತು. ಅವಳೂ ಹೋಗುತ್ತಿದ್ದಳು. ಅನ್ಯಾಯ ಎಂಬ ಮಾತನ್ನು ಅಲ್ಲಿ ಎಷ್ಟು ಸಲೀಸಾಗಿ ಆಡುತ್ತಿದ್ದರು! ಕೆಳಗಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು, ಮೇಲೆ ಅವರು ಲೋಕವನ್ನು ಬದಲಾಯಿಸುತ್ತಿದ್ದರು. ಅನ್ಯಾಯ ಬಂದರೆ ಬೂಟಿನ ಸದ್ದು ಮಾಡಿಕೊಂಡು ಬರುತ್ತದೆ, ಎದ್ದು ನಿಂತು ಕೂಗಿದರಾಯಿತು ಎಂದುಕೊಂಡಿದ್ದಳು. ಅದು ಅರ್ಧ ಬಾಗಿಲ ಮೇಲಿನಿಂದ ಕೈ ಚಾಚಿ, ಯಾವುದು ಬೇಗ ಎಂದು ಮೆಲ್ಲಗೆ ಕೇಳುತ್ತದೆಂದು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆಯಲ್ಲಿ ಹಿರಿಯವಳು ನೆಲದ ಮೇಲೆ ಕಾಲು ಚಾಚಿ ಕೂತು, ಹಳೆಯ ಸ್ವೆಟರನ್ನು ಬಿಚ್ಚಿ ಉಣ್ಣೆಯ ಉಂಡೆ ಮಾಡುತ್ತಿದ್ದಳು. ಕೆಮ್ಮು ಬಂದಾಗ ಉಂಡೆಯನ್ನು ಮಡಿಲಲ್ಲಿಟ್ಟು, ಕೆಮ್ಮಿ ಮುಗಿಸಿ, ಮತ್ತೆ ಸುತ್ತುತ್ತಿದ್ದಳು.

"ಏನೇ ಆಫೀಸಿನಮ್ಮ, ಇಷ್ಟು ಬೇಗ? ಯಾರಾದ್ರೂ ಸತ್ರಾ, ಇಲ್ಲಾ ಸಾಹೇಬ್ರಿಗೆ ಬಡ್ತಿ ಸಿಕ್ತಾ?"

"ಅಕ್ಕ, ಒಂದು ವಿಷ್ಯ ಹೇಳ್ಬೇಕು."

"ಹೇಳು. ಮುಖ ನೋಡಿದ್ರೆ ನೀನೇ ಯಾರನ್ನೋ ಕೊಂದು ಬಂದಂಗಿದೆ."

ಹೇಳಿದಳು. ಕಟ್ಟು ಬಿಚ್ಚದೆ ಅಂಟು ಎಂದದ್ದನ್ನೂ ಹೇಳಿದಳು, ತುತ್ತಿನ ವಿಷಯ ಮಾತ್ರ ಬಿಟ್ಟು. ಹಿರಿಯವಳ ಕೈ ಒಂದೆರಡು ಸುತ್ತು ತನ್ನಷ್ಟಕ್ಕೇ ಸುತ್ತಿ ನಿಂತಿತು. ಅವಳು ಬಯ್ಯಲಿ ಎಂದು ಕಿರಿಯವಳು ಕಾದಳು. ಪಾತ್ರೆ ಎಸೆದು ಬಯ್ಯುವ ಹೆಂಗಸು ಅದು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಆಸ್ಪತ್ರೆಯೋರು ತಿಂದಿದ್ದು ಸಾಲ್ದು ಅಂತ ಮಿಕ್ಕಿದ್ದು ನಿಮ್ಮ ಮಷೀನು ತಿಂತಾ?" ಎಂದಳು ಕೊನೆಗೆ. ಆಮೇಲೆ, "ಒಂದು ಸಲ ಬಿಚ್ಚಿ ನೋಡ್ಬಾರ್ದಿತ್ತೇನೇ. ನಾವು ಆ ಗಬ್ಬು ಬಟ್ಟೇನೂ ಬಿಚ್ಚಿ ನೋಡೇ ನೀರಿಗೆ ಹಾಕ್ತಿದ್ವಿ, ಸೂಜಿಗೀಜಿ ಇದ್ದೀತು ಅಂತ."

ನೆಲದ ಮೇಲೆ ಉಣ್ಣೆಯ ಎಳೆಯೊಂದು ಸೊಟ್ಟಸೊಟ್ಟವಾಗಿ ಬಿದ್ದಿತ್ತು, ಸ್ವೆಟರಾಗಿದ್ದಾಗಿನ ತಿರುವು ಮುರುವುಗಳನ್ನೆಲ್ಲ ಹಾಗೇ ಇಟ್ಟುಕೊಂಡು.

"ಸಾಹೇಬ್ರು ಮತ್ತೊಂದ್ಸಲ ಒತ್ತಿಸ್ಕೊಂಡು ಬಾ ಅಂದಿದಾರೆ," ಎಂದಳು ಕಿರಿಯವಳು.

"ಅಷ್ಟೇ ತಾನೆ? ಅದಕ್ಕೆ ಈ ಪಾಟಿ ಅಳುಮುಖ ಯಾಕೆ? ಕೊಡು ಇಲ್ಲಿ. ಒತ್ತೋದೇನು, ನಮ್ಮಪ್ಪನ ಗಂಟು ಹೋಗುತ್ತಾ? ನಿನ್ನ ಕೆಲಸ ಉಳಿದ್ರೆ ಸಾಕು ಮಾರಾಯ್ತಿ. ನನ್ನದಂತೂ ಹೋಗಿದೆ, ನಿಂದೂ ಹೋದ್ರೆ ಇಬ್ರೂ ಎದುರುಬದುರು ಕೂತು ಉಣ್ಣೆ ಸುತ್ತೋದೇ."

ಪ್ಯಾಡಿನ ಮುಚ್ಚಳ ತೆಗೆದು, ಹೆಬ್ಬೆರಳನ್ನು ಆ ಕಡೆ ಈ ಕಡೆ ಹೊರಳಿಸಿ, ಮೊದಲು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒತ್ತಿ ನೋಡಿದಳು. ಹಾಜರಿ ಪೆಟ್ಟಿಗೆಯೆದುರು ಕಲಿತ ಅಭ್ಯಾಸ, ಮೊದಲು ಎಲ್ಲಾದರೂ ಒರೆಸಿ, ಒತ್ತಿ ನೋಡಿ, ಆಮೇಲೆ. ಬೆರಳೆತ್ತಿದಳು. ಇಬ್ಬರೂ ಬಗ್ಗಿ ನೋಡಿದರು.

ಗೆರೆಗಳು ಮೂಡಿದ್ದವು. ನಡುವೆ ಒಂದು ಸುಳಿ, ಅದರ ಸುತ್ತ ಗೆರೆಯ ಪಕ್ಕ ಗೆರೆ, ನೀರಿಗೆ ಕಲ್ಲು ಹಾಕಿದಂತೆ ಅಂಚಿನವರೆಗೂ ಹರಡಿಕೊಂಡು, ಒಂದೂ ತಪ್ಪದೆ.

"ಅಯ್ಯೋ, ಬಂದಿದೆಯಲ್ಲೇ!" ಹಿರಿಯವಳು ಎಳೆ ಹುಡುಗಿಯಂತೆ ಕೂಗಿದಳು. ಮತ್ತೊಂದು ಬೆರಳು ಅದ್ದಿ ಒತ್ತಿದಳು, ಇನ್ನೊಂದು ಒತ್ತಿದಳು. "ನೋಡೇ, ಎಲ್ಲಾ ಬಂದಿದೆ. ಗೇಟಿನಿಂದಾಚೆ ಇದ್ದಿದ್ದಕ್ಕೆ ಬಂದಿದೆ ಕಣೆ. ನಾನು ನೋಡ್ಕೊಂಡೇ ಇರ್ಲಿಲ್ಲ. ಇನ್ನು ಆ ಪೆಟ್ಟಿಗೆ ಹೆಂಗೆ ಕೆಂಪು ದೀಪ ಹಾಕುತ್ತೋ ನೋಡ್ತೀನಿ!" ಕ್ಯಾಲೆಂಡರಿನ ತುಂಬ ಬೆರಳುಗಳೊತ್ತಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಎಷ್ಟೋ ತಿಂಗಳಿಂದ ಕಳೆದುಹೋಗಿದ್ದ ಸರ ಹಾಸಿಗೆಯ ಕೆಳಗೆ ಸಿಕ್ಕಿದವಳ ಮುಖ ಅದು.

ಕಿರಿಯವಳಿಗೆ ನಗಲಾಗಲಿಲ್ಲ. ಅವಳ ಕಣ್ಣು ಕ್ಯಾಲೆಂಡರಿನಿಂದ ಹೊಸ ಹಾಳೆಗಳ ಖಾಲಿ ಎಡ ಅಂಚಿಗೆ ಹೋಯಿತು, ಅಲ್ಲಿಂದ ಕೆಳಗೆ, ಹಳೆಯ ತಾರೀಖಿಗೆ. ಆ ತಾರೀಖಿನ ಕೆಳಗೆ ಈ ಗೆರೆಗಳು. ಈ ಹಾಳೆ ಆಯೋಗದ ಮುಂದೆ ಹೋದರೆ ಆಸ್ಪತ್ರೆಯ ವಕೀಲರು ಏನೂ ಕಷ್ಟಪಡಬೇಕಿಲ್ಲ. ಎತ್ತಿ ತೋರಿಸಿದರಾಯಿತು: ಪುಡಿ ತೊಗಲು ತಿಂದಿತು ಎಂದು ಈಕೆ ಹೇಳಿದ ದಿನವೇ ಒತ್ತಿದ ಬೆರಳು, ನೋಡಿ ಸ್ವಾಮಿ, ಎಷ್ಟು ಚೆನ್ನಾಗಿದೆ. ಹೆಂಗಸರೇ ತಮ್ಮ ಕೈಯಾರೆ ತಮ್ಮನ್ನು ಸುಳ್ಳುಗಾರರೆಂದು ಬರೆದುಕೊಟ್ಟಂತೆ. ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ಹಳದಿ ಪೀಪಾಯಿ ಅಲ್ಲೇ ಇರುತ್ತದೆ. ಇವತ್ತೇ ಸಾಹೇಬರಿಗೆ ಇದು ಗೊತ್ತಿರಲಿಕ್ಕಿಲ್ಲ; ಅವರಿಗೆ ಬೇಕಾದದ್ದು ಚೀಟಿಗೊಂದು ಉತ್ತರ, ತನಗೊಂದು ನೆಮ್ಮದಿ. ಗೊತ್ತಿಲ್ಲದೆಯೇ ಇಷ್ಟು ಅಚ್ಚುಕಟ್ಟಾಗಿ ಕೊಲ್ಲಬಲ್ಲರು. ತಾನೂ ಹಾಗೆಯೇ ತಾನೆ, ಗೊತ್ತಿಲ್ಲದೆ, ಬೇಗ.

ಅವಳು ಹೇಳಿದಳು. ಹಿರಿಯವಳು ಕೇಳಿಸಿಕೊಳ್ಳುತ್ತ ಹೋದಂತೆ ಬೆರಳುಗಳನ್ನು ಒಂದೊಂದಾಗಿ ಮಡಚಿಕೊಂಡಳು.

"ಹಂಗಾದ್ರೆ ನನ್ನ ಬೆರಳು ವಾಸಿಯಾಗಿದ್ದೇ ತಪ್ಪಾ?"

"ಹಾಗಲ್ಲ ಅಕ್ಕ."

"ಇನ್ನೆಂಗೆ? ಆ ಪುಡಿ ಎದೆ ಒಳಗೆ ಮಾಡಿರೋದು ವಾಸಿಯಾಗಿಲ್ವಲ್ಲ. ಅದನ್ನ ಎಲ್ಲಿ ಒತ್ತಲಿ? ಕೆಮ್ಮಿಗೆ ಪ್ಯಾಡ್ ಇದೆಯಾ ನಿಮ್ಮ ಆಫೀಸಲ್ಲಿ?" ಉಂಡೆಯನ್ನು ಎತ್ತಿ ಬಿಸಾಡಿದಳು. ಅದು ಮಂಚದ ಕೆಳಗೆ ಉರುಳಿಹೋಯಿತು. ಕೆಮ್ಮಿದಳು. ಕಿರಿಯವಳು ನೀರು ತಂದರೆ ಲೋಟವನ್ನು ದೂರ ತಳ್ಳಿ, ಆಮೇಲೆ ತಾನೇ ಎಳೆದುಕೊಂಡು ಕುಡಿದಳು. "ನಂಗೆ ಓದೋಕೆ ಬರಲ್ಲ. ನೀನು ಓದಿದೋಳು, ನೀನೇ ಹೇಳು. ಒತ್ತು ಅಂದ್ರೆ ಒತ್ತೀನಿ, ಬೇಡ ಅಂದ್ರೆ ಬಿಡ್ತೀನಿ. ನಾಳೆ ಮನೇಲಿ ಒಲೆ ಉರೀಲಿಲ್ಲ ಅಂತ ನಿನ್ನ ಕಡೆ ಬೆರಳು ತೋರ್ಸಲ್ಲ. ಆದ್ರೆ ಈ ಸಲ ಬಿಚ್ಚಿ ನೋಡಿ ಹೇಳು."

ಬೆಳಿಗ್ಗೆ ಕಚೇರಿಗೆ ಹೋದಾಗ, ಸಾಹೇಬರು ಕೇಂದ್ರ ಕಚೇರಿಯ ಸಭೆಗೆ ಹೋಗಿದ್ದಾರೆ, ಬರುವುದು ವಾರದ ಕೊನೆಗೆ ಎಂದು ಗೊತ್ತಾಯಿತು. ಸ್ಕ್ರೂ ಪೊಟ್ಟಣವನ್ನು ಅವಳ ಮೇಜಿನ ಮೇಲಿಟ್ಟು ಹೋಗಿದ್ದರು, ಮರೆಯದಿರಲಿ ಎಂದು. ಅವಳು ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು, ಇಸ್ತ್ರಿ ಪೆಟ್ಟಿಗೆ ಕಾಯಲಿಟ್ಟಳು.

"ಅಂಟು ಕಾಸು ಗೋಂದಮ್ಮ. ತೆಳ್ಳಗಿರ್ಲಿ. ಗಂಟು ಇರ್ಬಾರ್ದು."

"ಓಹೋ, ಮಾತುಕತೆ ಮುರಿದುಬಿತ್ತಾ? ಸಾಹೇಬ್ರು ಸ್ಕ್ರೂ ಅಂದಿದಾರೆ ಅಂತ ಜವಾನ ಹೇಳ್ದ."

"ಅವರು ಅಂದಿದಾರೆ. ನಾನು ಅಂದಿಲ್ಲ."

"ನಂಗೆ ಪಿಂಚಣಿ ಬರೋಕೆ ಇನ್ನೇನು ಹತ್ರ ಇದೆ ಕಣಮ್ಮ. ಅದನ್ನೊಂದು ಗ್ಯಾನದಲ್ಲಿಟ್ಕೊಂಡು ಹುಚ್ಚಾಡು," ಎಂದು ಗೋಂದಮ್ಮ ಪಾತ್ರೆ ಒಲೆಗಿಟ್ಟಳು.

ಕೆಲಸ ಹಿಡಿದಂತೆ ಕೈಕೊಡುತ್ತ ಬಂತು. ನೀಲಿ ಹೊದಿಕೆ ಕಿತ್ತು, ಬೆನ್ನಿಗೆ ಬಿಸಿ ಮುಟ್ಟಿಸಿದರೆ ಅಂಟು ಕರಗುತ್ತಿತ್ತು, ಆದರೆ ಎಷ್ಟು ಬಿಸಿ ಎಂದು ಯಾರಿಗೆ ಗೊತ್ತು? ಕಡಿಮೆಯಾದರೆ ಹಾಳೆ ಬಿಡದು, ಹೆಚ್ಚಾದರೆ ಕಾಗದ ಕಂದುಬಣ್ಣಕ್ಕೆ ತಿರುಗುತ್ತದೆ. ಮೊದಲ ಹಾಳೆಯ ಮೂಲೆ ಹರಿಯಿತು. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕಿ, ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖವೊಡ್ಡಿ ಬಂದಳು. ಪಟ್ಟಿಗಳನ್ನು ಮೊದಲು ಕಾಗದದ ನಾರಿಗೆ ಅಡ್ಡವಾಗಿ ಕತ್ತರಿಸಿದ್ದಳು. ಅಂಟು ತಾಗಿದ ಕೂಡಲೇ ಅವು ಸುರುಳಿ ಸುತ್ತಿಕೊಂಡು ಹಾಳೆಯನ್ನೂ ಎಳೆದವು. ಎಲ್ಲವನ್ನೂ ಬಿಸಾಡಿ ಮತ್ತೆ ಕತ್ತರಿಸಿದಳು. ಇಷ್ಟು ವರ್ಷದ ಮೇಲ್ವಿಚಾರಣೆಯಲ್ಲಿ ಅವಳ ಕೈ ಸಹಿ ಹಾಕಿದ್ದೇ ಹೆಚ್ಚು, ಅಂಟು ಹಚ್ಚಿದ್ದು ಕಡಿಮೆ. ಎಲ್ಲರ ಮೇಲೂ ಸಿಟ್ಟು ಬಂತು. ಸಾಹೇಬರ ಮೇಲೆ, ಎಡಗಡೆ ಜಾಗ ಬಿಟ್ಟ ಗುಮಾಸ್ತನ ಮೇಲೆ, ಓದಲು ಕಲಿಯದ ಓರಗಿತ್ತಿಯ ಮೇಲೆ, ತನ್ನ ಊಟದ ಡಬ್ಬಿಯ ಮೇಲೆ. ಸಿಟ್ಟಿನಲ್ಲಿ ಅವಸರ ಮಾಡಿದರೆ ಪಟ್ಟಿ ಸೊಟ್ಟ ಕೂರುತ್ತಿತ್ತು, ಸೊಟ್ಟ ಕೂತದ್ದು ಕಂಡರೆ ಸಿಟ್ಟು.

ಬಿಡಿಸಿದ ಹಾಳೆಗಳನ್ನು ಬೆಳಕಿಗೆ ಹಿಡಿದಾಗಲೇ ಅವಳಿಗೆ ಅವು ಸರಿಯಾಗಿ ಕಂಡದ್ದು. ಒಂದು ಹಾಳೆಯಲ್ಲಿ ಅರ್ಧ ಬೊಟ್ಟು, ಇನ್ನೊಂದರಲ್ಲಿ ಎಳೆ ಚಂದ್ರನಷ್ಟು, ಕೆಲವು ಹಾಳೆಗಳಲ್ಲಿ ಏನೂ ಇಲ್ಲ. ಭೂತಗನ್ನಡಿ ಹಿಡಿದು ನೋಡಿದಳು. ಯಾವ ಚೂರಿನಲ್ಲೂ ಒಂದು ಗೆರೆಯಿಲ್ಲ. ಬೋಳು ಕಪ್ಪು. ಇದ್ದಷ್ಟೂ ಸಾಕ್ಷಿಯೇ. ಇಡೀ ಬೆರಳು ಇಲ್ಲದಿರಬಹುದು, ಆದರೆ ಇರುವ ಚೂರು ಸುಳ್ಳಾಡುವುದಿಲ್ಲ. ಪಕ್ಕ ಹೊಲಿಗೆ ಹಾಕಿದರೆ ಅದು ಮತ್ತೆ ಕತ್ತಲೆಗೆ ಹೋಗುತ್ತದೆ. ಸ್ಕ್ರೂ ಹಾಕಿದರೆ ತೂತಾಗುತ್ತದೆ, ಇಲ್ಲವೇ ಒಂದು ದಿನ ಯಾರೋ ಬಂದು ತಿರುಗಿಸಿ ಬಿಚ್ಚಿ, ಬೇರೆ ಹಾಳೆ ಇಟ್ಟು, ಮತ್ತೆ ತಿರುಗಿಸಿ ಹೋಗುತ್ತಾರೆ. ಹಾಳೆಯ ಬೆನ್ನಿಗೆ ಪಟ್ಟಿ, ಪಟ್ಟಿಗೆ ಹೊಲಿಗೆ, ಆಗ ಅಂಚಿನ ಕೊನೆಯ ಎಳೆಯವರೆಗೂ ಪುಸ್ತಕ ಅಂಗೈ ಬಿಚ್ಚಿದಂತೆ ತೆರೆದುಕೊಳ್ಳುತ್ತದೆ. ಒಂದು ಹಾಳೆ ಕದಿಯಬೇಕೆಂದರೂ ದಾರ ಕಡಿಯಬೇಕು, ಕಡಿದದ್ದು ಕಾಣುತ್ತದೆ. ಇದನ್ನು ಅವಳು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದಳು. ಬರೆದದ್ದು ಹೌದೆಂದು ಬೆರಳಿಗೆ ಗೊತ್ತಾಗಲು ಇಷ್ಟು ಕಾಲ ಬೇಕಾಯಿತು.

ಗೋಂದಮ್ಮ ಕೇಳದೆಯೇ ಪಕ್ಕಕ್ಕೆ ಬಂದು ಕೂತು, ದಾರಕ್ಕೆ ಮೇಣ ಎಳೆದು ಎಳೆದು ಕೊಟ್ಟಳು. "ನಿನ್ನ ಹೊಲಿಗೆ ನೋಡಿದ್ರೆ ಅಳು ಬರುತ್ತೆ," ಎಂದಳು. "ಬಿಗಿ ಇದೆ ಬಿಡು. ಚಂದ ಇಲ್ಲ, ಬಿಗಿ ಇದೆ."

ಸಾಹೇಬರು ವಾರದ ಕೊನೆಯವರೆಗೆ ಕಾಯಲಿಲ್ಲ. ಒಂದು ದಿನ ಮೊದಲೇ ಬಂದರು. ನೇರ ಬೈಂಡಿಂಗ್ ಕೋಣೆಗೇ ಬಂದು, ಅರ್ಧ ಬಾಗಿಲು ತಳ್ಳಿ ಒಳಗೆ ನಿಂತರು. ಹೊಲಿದ ಪುಸ್ತಕ ಪ್ರೆಸ್ಸಿನ ಕಬ್ಬಿಣದ ಹಲಗೆಗಳ ನಡುವೆ ಇತ್ತು, ಇನ್ನೂ ರಟ್ಟು ಹಾಕಿರಲಿಲ್ಲ. ಬೆನ್ನಿನ ಮೇಲೆ ದಾರದ ಸಾಲು ಬರಿಮೈಯಲ್ಲಿ ಕಾಣುತ್ತಿತ್ತು.

"ಏನಿದು?"

"ಹೇಳಿಕೆಗಳು ಸರ್."

"ಅದು ಗೊತ್ತು. ಹೊಸ ಹಾಳೆ ಎಲ್ಲಿ? ಸ್ಕ್ರೂ ಎಲ್ಲಿ?"

ಅವಳು ಹೊಸ ಹಾಳೆಗಳ ಕಟ್ಟನ್ನು ತೆಗೆದು ಅವರ ಮುಂದಿಟ್ಟಳು. ಎಡ ಅಂಚು ಖಾಲಿಯಿತ್ತು. ಯಾಕೆಂದು ಹೇಳಿದಳು, ಬೆರಳು ವಾಸಿಯಾದದ್ದನ್ನು, ತಾರೀಖನ್ನು, ವಕೀಲರನ್ನು. ಅವರು ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಕಣ್ಣು ದಾರದ ಮೇಲಿತ್ತು.

"ನೋಡಮ್ಮ, ಗೆರೆ ಇದೆಯೋ ಇಲ್ವೋ ಆಯೋಗಕ್ಕೆ ಬಿಟ್ಟಿದ್ದು. ನಮ್ಮ ಕೆಲಸ ಪುಸ್ತಕ ಕೊಡೋದು. ಕಾರ್ಯದರ್ಶಿ ಫೋನ್ ಮಾಡಿದ್ರು, ಇವತ್ತೇ ಬೇಕು ಅಂದ್ರು. ಈ ಹರಕು ಹಾಳೆಗಳನ್ನ ಕೊಟ್ರೆ ಏನಾಯ್ತು ಅಂತ ಕೇಳ್ತಾರೆ. ಏನು ಹೇಳ್ಲಿ?"

"ಆಗಿದ್ದನ್ನ ಹೇಳಿ ಸರ್."

"ಆಗಿದ್ದು ಅಂದ್ರೆ? ನೀವು ಅಂಟು ಅಂದಿದ್ದು?"

"ಹೌದು ಸರ್. ಕಟ್ಟು ಬಿಚ್ಚದೆ ಅಂಟು ಅಂದೆ ಅಂತ ನಾನೇ ಬರೆದು ಕೊಡ್ತೀನಿ. ಬೇಗ ಅಂತ ನೀವು ಕೇಳಿದ್ರಿ ಅಂತಾನೂ ಬರೀತೀನಿ."

ಅವರ ಕಿವಿ ಕೆಂಪಾಯಿತು. "ಮೇಲ್ವಿಚಾರಕಿ ಅಂತ ಬೋರ್ಡ್ ಹಾಕಿಸ್ಕೊಂಡ ಮಾತ್ರಕ್ಕೆ," ಎಂದು ಶುರುಮಾಡಿ ನಿಲ್ಲಿಸಿದರು. ಮೇಜಿನಿಂದ ಕತ್ತರಿ ಎತ್ತಿ ಗೋಂದಮ್ಮನ ಕಡೆ ಚಾಚಿದರು. "ನೀನು ಕತ್ತರಿಸು. ಆ ದಾರ ಪೂರ್ತಿ ತೆಗೀ."

ಗೋಂದಮ್ಮ ಎರಡೂ ಕೈ ಎತ್ತಿ ತೋರಿಸಿದಳು. ಮೊಣಕೈವರೆಗೂ ಅಂಟು. "ನನ್ನ ಕೈ ನೋಡಿ ಸ್ವಾಮಿ. ಕತ್ತರಿ ಹಿಡಿದ್ರೆ ಆಮೇಲೆ ಕತ್ತರೀನೂ ಬಿಡಲ್ಲ, ದಾರಾನೂ ಬಿಡಲ್ಲ. ನಿಮ್ಮನ್ನ ಹಿಡ್ಕೊಂಡ್ರೆ ನೀವೂ ಇಲ್ಲೇ."

ಕತ್ತರಿ ಮೇಲ್ವಿಚಾರಕಿಯ ಕಡೆ ತಿರುಗಿತು. ಹಿಡಿ ಅವಳಿಗೆ, ಮೊನೆ ಅವರಿಗೆ, ಸಭ್ಯವಾಗಿಯೇ. "ಕೊನೇ ಸಲ ಹೇಳ್ತಿದೀನಿ. ಈಗ ಕತ್ತರಿಸಿ ಸ್ಕ್ರೂ ಹಾಕಿದ್ರೆ ನಾನು ಏನೂ ನೋಡಿಲ್ಲ, ಏನೂ ಕೇಳಿಲ್ಲ. ಇಲ್ಲಾಂದ್ರೆ ಸೋಮವಾರ ನೀವು ಈ ಕೋಣೇಲಿ ಇರಲ್ಲ. ಮನೆ ನಡೆಸೋಳು ನೀವೊಬ್ರೇ ಅಂತ ಕೇಳಿದೀನಿ. ಯೋಚನೆ ಮಾಡಿ."

ಯೋಚನೆ ಮಾಡಿಯೂ ಮಾಡಿದಳು. ಮನೆ, ಒಲೆ, ಆಸ್ಪತ್ರೆಯ ಗೇಟು, ಆ ಗೇಟಿನೊಳಗೆ ಈ ಹೊತ್ತು ಹಳದಿ ಪೀಪಾಯಿಗೆ ಕೈ ಅದ್ದುತ್ತಿರುವ, ಅವಳು ಮುಖ ನೋಡದ ಹೆಂಗಸರು. ಭಯ ಹೋಗಿರಲಿಲ್ಲ. ಕತ್ತರಿಯನ್ನು ತೆಗೆದುಕೊಂಡಳು. ಮೇಜಿನ ಡ್ರಾಯರು ಎಳೆದು, ಒಳಗೆ ಹಾಕಿ, ಮುಚ್ಚಿದಳು.

"ಇಲ್ಲ ಸರ್," ಎಂದಳು. "ಕತ್ತರಿಸಲ್ಲ."